ಕಾಣದ ಹಸಿರನ್ನು ಎಣಿಸುವ ಯಂತ್ರ



ಹೊಲದಲ್ಲಿ ಚದರ ಮೀಟರಿಗೆ ಎಷ್ಟು ಸಸಿಗಳಿವೆ ಎಂದು ಎಣಿಸುವುದುಂಟು. ನೀರಿನಲ್ಲಿ ತೇಲುವ ಬೆಳೆಯನ್ನು ಎಣಿಸುವುದು ಹೇಗೆ? ಕೆರೆ, ಮೀನುಹೊಂಡ, ಸಮುದ್ರಗಳಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಹಸಿರು ಜೀವಿಗಳು ತೇಲುತ್ತಿರುತ್ತವೆ. ಇವೇ ಸಸ್ಯಪ್ಲವಕಗಳು. ಪೈರಿನಂತೆ ಇವೂ ಬಿಸಿಲಿನಲ್ಲಿ ಆಹಾರ ತಯಾರಿಸಿ ಆಮ್ಲಜನಕ ಬಿಡುತ್ತವೆ. ಭೂಮಿಯ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಪಾಲು ಸಮುದ್ರದ ಸಸ್ಯಪ್ಲವಕಗಳದೇ.

ಹಿಂದೆ ಇವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದೊಂದಾಗಿ ಎಣಿಸಬೇಕಾಗಿತ್ತು. ಬಹಳ ಸಮಯ ಹಿಡಿಯುತ್ತಿತ್ತು; ತೀರ ಸಣ್ಣವು ಕಣ್ತಪ್ಪುತ್ತಿದ್ದವು. ರಕ್ತಕಣಗಳ ಪರೀಕ್ಷೆಗೆ ಬಳಸುವ ಫ್ಲೋ ಸೈಟೊಮೀಟರ್ ಎಂಬ ಯಂತ್ರ ಈ ತೊಡಕನ್ನು ನೀಗಿಸಿತು.

ದೊಡ್ಡಿಯ ಕಿರಿದಾದ ಬಾಗಿಲಿನಲ್ಲಿ ಕುರಿಗಳನ್ನು ಒಂದರ ಹಿಂದೆ ಒಂದು ಬಿಟ್ಟು ಎಣಿಸುವ ಹಾಗೆಯೇ ಇದರ ಕೆಲಸ. ನೀರನ್ನು ಬಹು ತೆಳುವಾದ ಧಾರೆಯಾಗಿ ಲೇಸರ್ ಕಿರಣದ ಮುಂದೆ ಹಾಯಿಸಲಾಗುತ್ತದೆ. ಪ್ರತಿ ಕಣವೂ ಚದುರಿಸುವ ಬೆಳಕಿನಿಂದ ಅದರ ಗಾತ್ರದ ಅಂದಾಜು ಸಿಗುತ್ತದೆ. ಪತ್ರಹರಿತ್ತು ಇದ್ದರೆ ಕಣ ಕೆಂಪು ಬೆಳಕು ಸೂಸುತ್ತದೆ. ಕೆಲವು ನೀಲಿಹಸಿರು ಪಾಚಿಗಳು ಕಿತ್ತಳೆ ಬೆಳಕನ್ನೂ ಸೂಸುತ್ತವೆ. ಹೀಗೆ ಸೆಕೆಂಡಿಗೆ ಸಾವಿರಾರು ಕಣಗಳನ್ನು ಎಣಿಸಿ ವಿಂಗಡಿಸಬಹುದು.

1980ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಯಾಲಿ ಚಿಸೋಮ್, ರಾಬರ್ಟ್ ಓಲ್ಸನ್ ಮತ್ತು ಸಂಗಡಿಗರು ಈ ಯಂತ್ರವನ್ನು ಹಡಗಿನಲ್ಲಿ ಕೊಂಡೊಯ್ದು ಸಮುದ್ರದ ನೀರನ್ನು ಪರೀಕ್ಷಿಸಿದರು. ಬಹಳ ಮಂದವಾದ ಕೆಂಪು ಸಂಕೇತಗಳು ಕಂಡವು. ಅವು ಯಂತ್ರದ ದೋಷವಲ್ಲ, ಅದುವರೆಗೆ ಯಾರೂ ಗುರುತಿಸದ ಜೀವಿ ಎಂದು 1988ರಲ್ಲಿ ವರದಿಯಾಯಿತು. ಮುಂದೆ ಅದಕ್ಕೆ ಪ್ರೊಕ್ಲೋರೊಕಾಕಸ್ ಎಂದು ಹೆಸರಾಯಿತು. ಒಂದು ಮಿಲಿಮೀಟರಿನಲ್ಲಿ ಸಾವಿರಕ್ಕೂ ಹೆಚ್ಚು ಕೋಶಗಳನ್ನು ಸಾಲಾಗಿ ಇಡಬಹುದಾದಷ್ಟು ಸಣ್ಣದು. ಆದರೂ ದ್ಯುತಿಸಂಶ್ಲೇಷಣೆ ನಡೆಸುವ ಜೀವಿಗಳಲ್ಲೆಲ್ಲ ಇದರ ಸಂಖ್ಯೆಯೇ ಅತಿ ಹೆಚ್ಚು.

ಈ ಯಂತ್ರಕ್ಕೂ ಮಿತಿಯುಂಟು. ಗುಂಪುಗೂಡಿ ಬೆಳೆಯುವ ಪಾಚಿಯನ್ನು ಬಿಡಿಸದೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಜಾತಿಯನ್ನು ಈ ಯಂತ್ರವೊಂದರಿಂದಲೇ ಖಚಿತಪಡಿಸಲು ಸಾಮಾನ್ಯವಾಗಿ ಆಗದು.

ಮೀನು ಸಾಕುವವರಿಗೆ ಇಷ್ಟೊಂದು ದುಬಾರಿ ಯಂತ್ರ ಬೇಕಿಲ್ಲ. ಆದರೆ ಹೊಂಡದ ಹಸಿರೂ ಒಂದು ಬೆಳೆ ಎಂಬುದನ್ನು ಮರೆಯಬಾರದು. ಮೊಣಕೈವರೆಗೆ ಕೈ ಮುಳುಗಿಸುವ ಮೊದಲೇ ಅಂಗೈ ಕಾಣದಂತಾದರೆ, ಅದು ಕೆಸರಿನಿಂದಲ್ಲದೆ ಹಸಿರಿನಿಂದಲೇ ಆಗಿದ್ದರೆ, ಪಾಚಿ ಮಿತಿಮೀರಿದೆ ಎಂದರ್ಥ. ರಾತ್ರಿಯಲ್ಲಿ ಈ ಪಾಚಿಯೇ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಕೂಡಲೇ ಗೊಬ್ಬರ ಮತ್ತು ಆಹಾರ ನಿಲ್ಲಿಸಿ ಹೊಸ ನೀರು ಹಾಯಿಸಿರಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿದ್ದರೆ ಅದು ವಿಷಕಾರಿಯಾಗಿರಬಹುದು, ದನಕರುಗಳಿಗೆ ಕುಡಿಸಬೇಡಿರಿ.