ಅಟ್ಟದ ಮೇಲಿನ ಕರಿಯ ಕಂಬಳಿ



ವಿಲೆ ಪಾರ್ಲೆಯ ನಮ್ಮ ಮನೆಗಳ ಅಟ್ಟದಲ್ಲಿ ಊರಿನಿಂದ ತಂದ ಕರಿಯ ಕಂಬಳಿಯೊಂದು ಇರುವುದುಂಟು. ಮೈಗೆ ಚುಚ್ಚುತ್ತದೆಂದು ಅದನ್ನು ನಾವು ಹೊದೆಯುವುದಿಲ್ಲ.

ಚಳ್ಳಕೆರೆಯ ಕಡೆ ಕುರುಬರ ಹೆಣ್ಣುಮಕ್ಕಳು ಡೆಕ್ಕನಿ ಕುರಿಯ ಉಣ್ಣೆಯನ್ನು ಹಿಂಜಿ ನೂಲುವರು. ಗಂಡಸರು ಗುಣಿಮಗ್ಗದಲ್ಲಿ ನೇಯುವರು. ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿಮಾಡುವರು. ಕರಿಯ ಕುರಿಯ ಉಣ್ಣೆಗೆ ಬಣ್ಣವೇ ಬೇಡ.

ಬ್ಯಾಂಕಿನಲ್ಲಿ ಜಮಾ-ಖರ್ಚು ಬರೆಯುವ ನಾವು ಸಂತೆಯಲ್ಲಿ ಗಿರಣಿಯ ರಗ್ಗಿನ ಬೆಲೆ ಹೇಳಿ ಚೌಕಾಸಿಗೆ ನಿಂತೆವು. ಮುದುಕ ನೇಕಾರ ಮಾತಾಡದೆ ಕಂಬಳಿ ಮಡಿಸಿಕೊಂಡ. ನೂತ ಕೈಯ ಕೂಲಿಯನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕೊಳ್ಳುವವರಿಲ್ಲದೆ ನಿಂತ ಮಗ್ಗವನ್ನು ರಾಜ್ಯೋತ್ಸವದ ಭಾಷಣ ನಡೆಸಲಾರದು. ಮುಂದಿನ ಸಲ ಊರಿಗೆ ಹೋದಾಗ, ಕೇಳಿದ ಬೆಲೆ ಕೊಟ್ಟು ಮನೆಗೊಂದು ಕಂಬಳಿ ತರೋಣ, ತಂದದ್ದನ್ನು ಹೊದೆಯೋಣ.