ನ್ಯಾಯಾಧೀಶರ ನೇಮಕ: ವಿವೇಚನೆ ಮತ್ತು ಪಾರದರ್ಶಕತೆ



ನ್ಯಾಯಪೀಠದ ಮುಂದೆ ಅನೇಕ ವೇಳೆ ಸರ್ಕಾರವೇ ಕಕ್ಷಿದಾರನಾಗಿ ನಿಲ್ಲುತ್ತದೆ. ಆದುದರಿಂದ ಆ ಪೀಠದಲ್ಲಿ ಕುಳಿತುಕೊಳ್ಳುವವರನ್ನು ಯಾರು, ಯಾವ ಕಾರಣಕ್ಕಾಗಿ ಆರಿಸುತ್ತಾರೆಂಬುದು ಪ್ರತಿಯೊಬ್ಬ ನಾಗರಿಕನಿಗೂ ಸಂಬಂಧಿಸಿದ ವಿಷಯವಾಗಿದೆ.

ಸಂವಿಧಾನದ 124ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ರಾಷ್ಟ್ರಪತಿಗಳು ಸಮಾಲೋಚನೆಯ ನಂತರ ನೇಮಿಸುತ್ತಾರೆ. 1973ರ ಏಪ್ರಿಲ್‌ನಲ್ಲಿ, ಕೇಶವಾನಂದ ಭಾರತಿ ಪ್ರಕರಣದ ತೀರ್ಪಿನ ಬೆನ್ನಲ್ಲೇ, ಜೆ. ಎಂ. ಶೇಲತ್, ಕರ್ನಾಟಕದವರಾದ ಕೆ. ಎಸ್. ಹೆಗ್ಡೆ ಹಾಗೂ ಎ. ಎನ್. ಗ್ರೋವರ್ ಅವರ ಜ್ಯೇಷ್ಠತೆಯನ್ನು ಬದಿಗಿರಿಸಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆಯಿತ್ತರು. ಆ ಮೂವರೂ ಸರ್ಕಾರದ ವಾದವನ್ನು ಒಪ್ಪದಿದ್ದವರೆಂಬುದು ಜನತೆಯ ಸಂಶಯವನ್ನು ಬಲಪಡಿಸಿತು.

1993 ಮತ್ತು 1998ರಲ್ಲಿ ನ್ಯಾಯಾಲಯವು ಆಯ್ಕೆಯ ಪ್ರಾಧಾನ್ಯವನ್ನು ಹಿರಿಯ ನ್ಯಾಯಮೂರ್ತಿಗಳ ಮಂಡಲಿಗೆ, ಅಂದರೆ ಕೊಲಿಜಿಯಂಗೆ, ವಹಿಸಿತು. ಸರ್ಕಾರವು ಶಿಫಾರಸನ್ನು ಮರುಪರಿಶೀಲನೆಗೆ ಕಳುಹಿಸಬಹುದು. ಮಂಡಲಿಯು ಅದನ್ನೇ ಪುನರುಚ್ಚರಿಸಿದರೆ ನೇಮಕ ಮಾಡಬೇಕು. ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸ್ಥಾಪಿಸಲು 2014ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿಯನ್ನು 2015ರಲ್ಲಿ ನ್ಯಾಯಾಲಯವು 4-1ರ ಬಹುಮತದಿಂದ ರದ್ದುಗೊಳಿಸಿತು.

ಹೀಗೆ ಅಧಿಕಾರವು ಕೈ ಬದಲಾಯಿಸಿತು; ಮುಚ್ಚಿದ ಬಾಗಿಲು ಮಾತ್ರ ಬಹುಕಾಲ ತೆರೆಯಲಿಲ್ಲ. 2017ರ ಅಕ್ಟೋಬರ್‌ನಿಂದ ಮಂಡಲಿಯು ತನ್ನ ನಿರ್ಣಯಗಳನ್ನು ಪ್ರಕಟಿಸತೊಡಗಿತು. 2023ರ ಜನವರಿಯಲ್ಲಿ ಕೆಲವು ಹೆಸರುಗಳ ಬಗ್ಗೆ ಸರ್ಕಾರದ ಆಕ್ಷೇಪಣೆಗಳನ್ನೂ ತನ್ನ ಸಮಾಧಾನಗಳನ್ನೂ ಜನತೆಯ ಮುಂದಿಟ್ಟಿತು.

ವಿವೇಚನೆಯಿಲ್ಲದೆ ಆಯ್ಕೆ ಸಾಧ್ಯವಿಲ್ಲ. ಆದರೆ ಕಾರಣ ಹೇಳದ ವಿವೇಚನೆಯು, ಅದು ಸರ್ಕಾರದ್ದಾಗಲಿ ನ್ಯಾಯಾಂಗದ್ದಾಗಲಿ, ಸಂಶಯಕ್ಕೆ ಎಡೆಕೊಡುತ್ತದೆ. ಕಾರಣ ಕೊಟ್ಟು ತೀರ್ಪು ನೀಡುವುದು ನ್ಯಾಯಾಧೀಶನ ಧರ್ಮ. ಅವನನ್ನು ಆರಿಸುವವರಿಗೂ ಅದೇ ಧರ್ಮ ಸಲ್ಲಬೇಕು.