ಬಚ್ಚಲೊಲೆ, ಗೀಸರು ಮತ್ತು ಅನುಮತಿಯ ಪ್ರಶ್ನೆ



ಮಲೆನಾಡಿನ ಮನೆಯಲ್ಲಿ ಸ್ನಾನದ ನೀರು ಕಾಯಿಸಲು ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಒಮ್ಮೆ ಕ್ರಮವಾಗಿ ನೋಡಬೇಕು. ಹಂಡೆಯ ಒಲೆಗೆ ಸೌದೆ ಬೇಕು. ಸ್ವಂತ ಹಿಡುವಳಿಯ ಮರವೇ ಆದರೂ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ವಿದ್ಯುತ್ ಗೀಸರು ಎರಡು-ಮೂರು ಕಿಲೋವ್ಯಾಟ್ ಎಳೆಯುತ್ತದೆ. ಮನೆಗೆ ಮಂಜೂರಾದ ಲೋಡು ಸಾಲದಿದ್ದರೆ ಮೆಸ್ಕಾಂ ಅಥವಾ ಹೆಸ್ಕಾಂ ಕಚೇರಿಗೆ ಅರ್ಜಿ ಹಾಕಬೇಕು. ಗ್ಯಾಸ್ ಗೀಸರಿಗೆ ಮಾತ್ರ ಯಾರನ್ನೂ ಕೇಳಬೇಕಾಗಿಲ್ಲ. ಪೇಟೆಯಿಂದ ಬೆಳಿಗ್ಗೆ ತಂದರೆ ಮಧ್ಯಾಹ್ನಕ್ಕೆ ಗೋಡೆಗೇರುತ್ತದೆ.

ಮರಕ್ಕೆ ಕಾವಲಿದೆ, ತಂತಿಗೆ ಕಾವಲಿದೆ, ಉಸಿರಿಗೆ ಇಲ್ಲ.

ಹಳೆಯ ಬಚ್ಚಲುಮನೆಯಲ್ಲಿ ಹೊಗೆ ಕಣ್ಣುರಿಸುತ್ತಿತ್ತು, ಮಸಿ ಹಿಡಿಯುತ್ತಿತ್ತು, ಸೌದೆ ವಿಪರೀತ ಬೇಡುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ಆರಂಭವಾದ ‘ಅಸ್ತ್ರ’ದ ವಿಜ್ಞಾನಿಗಳು ಹೊಗೆಕೊಳವೆಯುಳ್ಳ ಒಲೆಗಳನ್ನು ರೂಪಿಸಿದ್ದು ಈ ಕಷ್ಟಗಳನ್ನು ಕಂಡೇ. ಆದರೂ ಆ ಬಚ್ಚಲಿಗೆ ಒಂದು ಗುಣವಿತ್ತು: ಗೋಡೆಗೂ ಮಾಡಿಗೂ ನಡುವೆ ಸಂದು, ಹೆಂಚುಗಳ ನಡುವೆ ಸಂದು, ಗಾಳಿ ಓಡಾಡುತ್ತಿತ್ತು. ಇಂದಿನ ಬಚ್ಚಲು ತಾರಸಿಯದು, ನೆಲಕ್ಕೂ ಗೋಡೆಗೂ ಟೈಲ್ಸ್, ಗಟ್ಟಿಯಾಗಿ ಮುಚ್ಚುವ ಬಾಗಿಲು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಎರಚಲು ಬಾರದಿರಲೆಂದು ಗವಾಕ್ಷಿಗೂ ರಟ್ಟು ಹಚ್ಚುತ್ತಾರೆ. ಸೌರ ಹೀಟರು ಕೈಕೊಡುವುದೂ ಅದೇ ದಿನಗಳಲ್ಲಿ. ಗ್ಯಾಸ್ ಗೀಸರು ಉರಿಯುವುದೂ ಆಗಲೇ.

ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಂತೆ ಅನಿಲ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸೋರಿದರೆ ವಾಸನೆ ಬರುತ್ತದಲ್ಲ ಎಂಬ ನಂಬಿಕೆ ಊರೂರಲ್ಲಿದೆ. ವಾಸನೆ ಉರಿಯದ ಅಡುಗೆ ಅನಿಲಕ್ಕೆ ಬೇಕೆಂದೇ ಬೆರೆಸಿದ್ದು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ತಲೆಸುತ್ತು, ಕಾಲುಗಳಲ್ಲಿ ಬಲವಿಲ್ಲದಂತಾಗುವುದು, ಬಳಿಕ ಚಿಲಕ ತೆಗೆಯಲೂ ಆಗದ ಸ್ಥಿತಿ. ಕರ್ನಾಟಕದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬಂದಿದೆ.

ಬ್ರಿಟನ್ನಿನಲ್ಲಿ 1998ರ ಅನಿಲ ಸುರಕ್ಷತಾ ನಿಯಮಗಳ ಪ್ರಕಾರ ಸ್ನಾನದ ಕೋಣೆಯಲ್ಲಿ ಹೊಸದಾಗಿ ಕೂರಿಸುವ ಅನಿಲ ಯಂತ್ರ ಹೊರಗಿನ ಗಾಳಿಯನ್ನೇ ಸೇದಿ ಹೊರಕ್ಕೇ ಹೊಗೆ ಬಿಡುವಂಥದ್ದಾಗಿರಬೇಕು. ನೋಂದಾಯಿತ ಕೆಲಸಗಾರನೇ ಅದನ್ನು ಅಳವಡಿಸಬೇಕು. ಇಂಗ್ಲೆಂಡಿನಲ್ಲಿ ಹೊಸ ಬಾಯ್ಲರ್ ಕೂರಿಸಿದರೆ ಆ ಕೆಲಸಗಾರನ ಮೂಲಕವೇ ಸ್ಥಳೀಯ ಆಡಳಿತಕ್ಕೆ ಮಾಹಿತಿ ಹೋಗುತ್ತದೆ. ಮನೆಯವರ ಕೈಗೆ ಪ್ರಮಾಣಪತ್ರ ಬರುತ್ತದೆ, ಅವರು ಕಚೇರಿ ಅಲೆಯುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನೆ ಬಿಸಿಮಾಡುವ, ತಂಪುಮಾಡುವ ಯಂತ್ರವನ್ನು ಬದಲಿಸಲು ಸ್ಥಳೀಯ ಕಟ್ಟಡ ಇಲಾಖೆಯ ಪರವಾನಗಿ ಬೇಕು, ತಪಾಸಣೆಯೂ ಇದೆ; ಆದರೆ ಖರ್ಚಿಗೂ ವಿಳಂಬಕ್ಕೂ ಬೇಸತ್ತು ಪರವಾನಗಿಯಿಲ್ಲದೆಯೇ ಕೆಲಸ ಮುಗಿಸುವವರು ಅಲ್ಲಿ ಬಹಳ. ಮರ ಕಡಿತದ ಅರ್ಜಿ ಹಿಡಿದು ಕಾದು ಕುಳಿತ ಮಲೆನಾಡಿಗರಿಗೆ ಇದು ಹೊಸ ಕಥೆಯೇನಲ್ಲ.

ಆದುದರಿಂದ ಗೀಸರಿಗೂ ಒಂದು ಅರ್ಜಿ ನಮೂನೆ, ಒಂದು ಶುಲ್ಕ, ಮೂರು ಮೊಹರು ಎಂದು ಕೇಳುವುದು ವಿವೇಕವಲ್ಲ. ಹೊಣೆಯನ್ನು ಅಳವಡಿಸುವವನ ಮೇಲೆ ಹೊರಿಸುವುದು ಸರಿಯಾದ ದಾರಿ. ಇದು ಪರದೇಶದ ಪದ್ಧತಿಯೆಂದು ಅಳುಕಬೇಕಿಲ್ಲ. ಹೊಸ ಮನೆಗೆ ವಿದ್ಯುತ್ ಬರಬೇಕಾದರೆ ಪರವಾನಗಿಯುಳ್ಳ ಗುತ್ತಿಗೆದಾರ ವೈರಿಂಗ್ ಮುಗಿದ ವರದಿಗೆ ಸಹಿ ಹಾಕಲೇಬೇಕು. ಹಳ್ಳಿಯ ಜನ ಅದಕ್ಕೆ ಒಗ್ಗಿದ್ದಾರೆ. 1993ರ ಪಂಚಾಯತ್ ರಾಜ್ ಅಧಿನಿಯಮ ಮನೆ ಕಟ್ಟಲು ಅನುಮತಿ ಕೊಡುವ ಅಧಿಕಾರವನ್ನು ಗ್ರಾಮ ಪಂಚಾಯತಿಗೆ ಕೊಟ್ಟಿದೆ. ಆ ಹಂತದಲ್ಲಿಯೇ ನಕ್ಷೆಯಲ್ಲಿ ನೀರು ಕಾಯಿಸುವ ಸ್ಥಳ ಎಲ್ಲಿ, ಹೊಗೆ ಹೊರಹೋಗುವ ದಾರಿ ಯಾವುದು ಎಂದು ಕೇಳಬಹುದು. ಗ್ರಾಮಸಭೆಯಲ್ಲಿ ಈ ವಿಷಯ ಎತ್ತಲು ಯಾವ ಅಡ್ಡಿಯೂ ಇಲ್ಲ.

ಮಲೆನಾಡಿನ ಪೇಟೆಗಳಿಗೆ ಈಗ ಏರ್ ಕಂಡೀಷನರುಗಳೂ ಬಂದಿವೆ. ಆರ್-32 ಎಂಬ ತಂಪುಕಾರಕ ಓಜೋನ್ ಪದರಕ್ಕೆ ಕೆಡುಕು ಮಾಡದಿದ್ದರೂ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 675 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಅದನ್ನು ತುಂಬುವವನಿಗೆ ಪ್ರಮಾಣಪತ್ರ ಬೇಕು. ಇಲ್ಲಿ ರಿಪೇರಿಯವನು ಹಳೆಯದನ್ನು ಗಾಳಿಗೆ ಬಿಟ್ಟು ಹೊಸದನ್ನು ತುಂಬಿದರೂ ಮನೆಯವರಿಗೆ ಗೊತ್ತಾಗದು. ಕೆಲಸಗಾರನ ಸಹಿಯ ಪದ್ಧತಿ ಇಲ್ಲಿಯೂ ಸಲ್ಲುತ್ತದೆ.

ನಿಯಮ ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ವಿದ್ಯಾರ್ಥಿಗಳು ಈ ಬಾರಿ ಮಳೆಗಾಲಕ್ಕೆ ಮುನ್ನ ತಮ್ಮ ಕೇರಿಯ ಮನೆಗಳನ್ನು ನೋಡಿ ಬರಲಿ. ಗೀಸರು ಬಚ್ಚಲಿನೊಳಗೇ ಇದ್ದರೆ, ಅದನ್ನು ಎರಚಲು ತಾಗದ ತೆರೆದ ಜಗಲಿಯ ಗೋಡೆಗೆ, ಕಿಟಕಿ ಗವಾಕ್ಷಿಗಳಿಂದ ದೂರಕ್ಕೆ, ಒಯ್ದು ಬಿಸಿನೀರನ್ನು ಮಾತ್ರ ಒಳಗೆ ತರಬಹುದು. ಅದಕ್ಕೆ ಬೇಕಾಗುವುದು ಕೆಲವು ಅಡಿ ಪೈಪು ಮತ್ತು ತಿಳಿದ ಕೆಲಸಗಾರನ ಅರ್ಧ ದಿನ.